ಭಾಗ ಅನ್ನೊಂದು

ಶಾರ್ಜಾದ ರೋಲಾದಿಂದ ಕುಸೈಸ್‌ಗೆ ಏನು ಮಹಾ ದೂರ?
ಆದರೆ ಬೆಳಗ್ಗೆ ಆರೂಕಾಲರ ಟ್ರಾಫಿಕ್ಕಿನಲ್ಲಿ
ಅದು ಒಂದು ಗಂಟೆ ಹತ್ತು ನಿಮಿಷ ಉದ್ದ.
ಒಂಬತ್ತನೇ ನಂಬರಿನ ಬಸ್ಸಿನ
ಕೊನೆಯ ಎರಡು ಸಾಲು ಕನ್ನಡದ್ದು:
ನಾನು, ಶಝ್ಮಾ, ಮೆಲ್ರಾಯ್, ತನ್ಮಯಿ,
ನಿದ್ದೆಯಲ್ಲೇ ಹತ್ತಿ ನಿದ್ದೆಯಲ್ಲೇ ಇಳಿಯುವ ಅವಳ ತಮ್ಮ.

ಬಸ್ ಆಂಟಿ ಸೆವ್ರಿನ್, ಶಿರ್ವದವರು.
ಕಿತ್ತಳೆ ಜಾಕೆಟ್ಟು, ಕಿಸೆ ತುಂಬ ವಾಂತಿ ಚೀಲ.
ತಲೆ ಎಣಿಸಿ, ಬೆಲ್ಟು ಬಿಗಿದು,
ಮುಂದಿನ ಕಾರಿನ ಕೆಂಪು ದೀಪ ಹೊತ್ತಿದ್ದೇ ತಡ,
'ಆ ಶಾಲೆಯಲ್ಲಿ ನಿನ್ನೆ ಏನಾಯ್ತು ಗೊತ್ತುಂಟಾ?'

ಎಲ್ಲಿದೆ ಎಂದು ಕೇಳಬಾರದು.
ಕೇಳಿದರೆ: ಮರಳಿನಲ್ಲಿ,
ಬುಧವಾರ ಒಂದು ಕಡೆ, ಗುರುವಾರ ಇನ್ನೊಂದು ಕಡೆ.
ಅಲ್ಲಿ ತಪ್ಪು ಮಾಡಿದವರು ಬೆಂಚಿನ ಮೇಲೆ ನಿಲ್ಲುವುದಿಲ್ಲ,
ಬೆಂಚೇ ಬಂದು ಅವರ ಮೇಲೆ ನಿಲ್ಲುತ್ತದೆ.
ಬಾರದವರು ಮಾತ್ರ 'ಯಸ್ ಮಿಸ್' ಅನ್ನಬೇಕು.
ಎ.ಸಿ.ಗೆ ಶೀತವಾದರೆ ರಜೆ, ಎ.ಸಿ.ಗೆ.

ಒಂದು ಜಾಮಿಗೆ ಒಂದು ಭಾಗ.
ಶಝ್ಮಾ ಎಲ್ಲವನ್ನೂ ರಫ್ ನೋಟಿನಲ್ಲಿ ಬರೆದು,
ಪಿನ್ನು ಹೊಡೆದು, ಮುಖಪುಟದ ಒಂಟೆಗೆ ಟೈ ಕಟ್ಟಿ,
'ಬೆಲೆ ಒಂದು ದಿರ್ಹಮ್' ಎಂದು ಹಾಕುವಳು.
ಕೊಂಡವನು ಮೆಲ್ರಾಯ್ ಒಬ್ಬನೇ. ಅದೂ ಸಾಲ.

ಹನ್ನೊಂದನೇ ಭಾಗದಲ್ಲಿ ಮರಳುಗಾಳಿ ಬಂತು.
ಮೂರು ದಿನ ಬೀಸಿ, ಹೋಗುವಾಗ ಕರಿಹಲಗೆಯಿಂದ
ಒಂದೇ ಒಂದು ಅಕ್ಷರ ಕಿತ್ತುಕೊಂಡು ಹೋಯಿತು:
ಹ.

ಅಷ್ಟೇ ತಾನೇ, ಅಂದರು ಟೀಚರು.
ಅಷ್ಟೇ ಅಲ್ಲ.
ಹಾಲು ಕೇಳಹೋದವರ ಬಾಯಲ್ಲಿ 'ಆಲು' ಬಂತು.
ಹಿಂದಿ ಮಾತ್ರ ಬಲ್ಲ ಕ್ಯಾಂಟೀನಿನವನು ಲೋಟದ ತುಂಬ
ಬೇಯಿಸಿದ ಬಟಾಟೆ ಕೊಟ್ಟು, ಸಕ್ಕರೆ ಬೇಕಾ ಅಂದ.
ಪೀಟಿ ಮಾಸ್ತರರು 'ಹಾರಿ!' ಅನ್ನಹೋಗಿ 'ಆರಿ!' ಅಂದರು.
ಮೂರನೇ ಕ್ಲಾಸು ಇಡೀ ಬಟ್ಟೆ ಹಗ್ಗಕ್ಕೆ ಜೋತುಬಿದ್ದು
ಸಂಜೆಯವರೆಗೆ ಒಣಗಿತು.
ಹೆಡ್‌ಮಾಸ್ಟರು ಎಡ್‌ಮಾಸ್ಟರಾದರು,
ಎಡಕ್ಕೆ ಮಾತ್ರ ತಿರುಗುವ ಹಾಗಾಯಿತು.
ಆಫೀಸೋ, ಬಲಕ್ಕೆ.
'ಮೂರು ಸಲ ಎಡಕ್ಕೆ ತಿರುಗಿದರೆ ಬಲವೇ ಅಲ್ವಾ?' ತನ್ಮಯಿ.
'ಅವರಿಗೆ ಲೆಕ್ಕ ಬರೂದಿಲ್ಲ ಮಗಾ.'
ನಗೋಣವೆಂದು ಬಾಯಿ ತೆರೆದರೆ ಅ ಅ ಅ,
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.

ನಕ್ಕೂ ನಕ್ಕೂ ಮೆಲ್ರಾಯ್‌ಗೆ ಬಿಕ್ಕಳಿಕೆ.
ಶಝ್ಮಾ ಮುಖಪುಟದಲ್ಲಿ ತಿದ್ದಿ ಬರೆದಳು:
ಭಾಗ ಅನ್ನೊಂದು. ಬೆಲೆ ಒಂದು ದಿರಮ್.
'ಹ ಎಲ್ಲಿ ಹೋಯ್ತು ಆಂಟಿ?'
'ನಾಳೆ.'

ಆ ನಾಳೆಯೇ ಹೊಸ ಸೇತುವೆ ತೆರೆಯಬೇಕೇ!
ಅಪ್ಪಂದಿರೆಲ್ಲ ಖುಷಿ. ಹದಿನೆಂಟು ನಿಮಿಷ.
ಆಂಟಿ ತಲೆ ಎಣಿಸಿ ಮುಗಿಸುವಷ್ಟರಲ್ಲಿ ಶಾಲೆಯ ಗೇಟು,
ನಮ್ಮದು, ನಿಂತಲ್ಲೇ ನಿಂತಿರುವ ಪೆದ್ದು ಶಾಲೆ.
ಸೇತುವೆ ಮುರಿಯಲಿ ಎಂದು ತನ್ಮಯಿ ಐದು ದಿರ್ಹಮ್ ಹರಕೆ ಹೊತ್ತಳು.
ರಾತ್ರಿ ಹೆದರಿ, ಬರೀ ರಿಪೇರಿ ಬರಲಿ ಎಂದು
ಎರಡಕ್ಕೆ ಇಳಿಸಿದಳು.

ಗುರುವಾರ, ಸೇತುವೆಗೆ ಸ್ವಲ್ಪ ಮೊದಲು
ಬಸ್ಸು ರಸ್ತೆಬದಿಗೆ ನಿಂತಿತು.
ಡ್ರೈವರ್ ಗುಲ್‌ಜಮಾನ್ ಚಾಚಾ, ಸ್ವಾತ್ ಕಡೆಯವರು,
ಮೂರು ವರ್ಷದಲ್ಲಿ ನಮ್ಮೊಡನೆ ಆಡಿದ್ದು 'ಬೈಠೋ' ಒಂದೇ.
ಇಳಿದರು. ಗಟ್ಟಿಮುಟ್ಟಾದ ಟೈರಿಗೆ ಎರಡು ಸಲ ಒದ್ದು,
'ಪಂಕ್ಚರ್' ಎಂದು ಆಕಾಶಕ್ಕೆ ತಿಳಿಸಿ,
ಒಳಗೆ ಬಂದು, ಹಿಂದಿನವರೆಗೂ ನಡೆದು,
ನಮ್ಮ ಸಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.
'ಹೆಡ್‌ಮಾಸ್ಟರ್ ಕಾ,' ತಗ್ಗಿದ ದನಿ,
'ಕ್ಯಾ ಹುವಾ?'

ನಿದ್ದೆಯ ತಮ್ಮ ಪಟ್ಟನೆ ಕಣ್ಣು ಬಿಟ್ಟ.
'ಎರಡು! ಇವರ ಹತ್ರ ಎರಡು ಹ ಉಂಟು!'

ಸೆವ್ರಿನ್ ಆಂಟಿ ಜಾಕೆಟ್ಟಿನ ಜಿಪ್ಪು ಎಳೆದುಕೊಂಡು,
'ಒಂದು ತಕ್ಕೊಳ್ಳುವಾ,' ಅಂದರು,
'ಇನ್ನೊಂದು ಅವರಿಗೇ ಇರ್ಲಿ.'